ಕಸೂತಿ ಕವರಿನೊಳಗಿನ ಬಸ್ಸು

ರಾಮಲಿಂಗಪ್ಪ ಕಾಕಾ ಮನೆಯೊಳಗೂ ನಿಂತೇ ಚಹಾ ಕುಡಿಯುತ್ತಾರೆ. ಕಾಲು ಅಗಲಿಸಿ, ಮೊಣಕಾಲು ತುಸು ಸಡಿಲ ಬಿಟ್ಟು, ಸೊಂಟವನ್ನು ಕಪಾಟಿಗೆ ಆನಿಸಿ. ಹಡಪಸರದ ನಮ್ಮ ಕಟ್ಟಡ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಲುಗಿಲ್ಲ. ಆದರೂ ಅದು ಯಾವ ಗಳಿಗೆಗಾದರೂ ಬ್ರೇಕು ಹಾಕಬಹುದು ಎಂಬ ಅನುಮಾನ ಅವರಿಗಿದೆ. ಪುಣೆಯ ನಗರ ಬಸ್ಸುಗಳಲ್ಲಿ ಕಂಡಕ್ಟರಾಗಿ ನಿಂತು ನಿಂತೇ ನಿವೃತ್ತರಾದವರು ಅವರು. ಗೋಕಾಕದ ಕಡೆಯಿಂದ ಚಿಕ್ಕವರಿದ್ದಾಗ ಸೋದರಮಾವನ ಜೊತೆ ಬಂದು, ಪುಣೆ ಕ್ಯಾಂಪಿನ ಬಟ್ಟೆಯಂಗಡಿಯಲ್ಲಿ ಸೀರೆ ಮಡಿಸುತ್ತ ಮರಾಠಿ ಕಲಿತು, ಆಮೇಲೆ ಖಾಕಿ ತೊಟ್ಟರು. ಈಗಲೂ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಅವರ ಬಾಯಿಂದ ತಾನಾಗಿಯೇ "ಪುಢೇ ಚಲಾ, ಪುಢೇ ಚಲಾ" ಎಂದು ಬಂದುಬಿಡುತ್ತದೆ.

"ಮಗಳನ್ನ ನೋಡಾಕ ಬಂದ ಬೀಗರಿಗೂ ಮುಂದ ಸರೀರಿ ಅಂದ್ರು ನೋಡು ಇವ್ರು," ಎಂದು ಚನ್ನಬಸವ್ವ ಕಾಕೂ ಇಂದಿಗೂ ಹೇಳುತ್ತಾರೆ. "ಪುಣ್ಯಾಕ್ಕ ಟಿಕೀಟ ಕೇಳಲಿಲ್ಲ."

ನಾನು ಅವರ ಮೇಲಿನ ಮಹಡಿಯ ಬಾಡಿಗೆದಾರ. ಹೆಸರು ಪ್ರಣವ, ಊರು ಧಾರವಾಡ. ಮಗರಪಟ್ಟಾದ ಒಂದು ಕಚೇರಿಯಲ್ಲಿ, ಕಂಪ್ಯೂಟರ್ ಕೆಟ್ಟಿತೆಂದು ಫೋನು ಮಾಡುವವರಿಗೆ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ ಎಂದು ಹೇಳುವುದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ. ಈ ಕೆಲಸದಿಂದಾಗಿ ನನಗೆ ಕಂಪ್ಯೂಟರಿನ ವಿಷಯದಲ್ಲಿ ಒಂದು ಗತ್ತು ಬಂದಿದೆ. ನನ್ನ ಕೋಣೆಯಲ್ಲಿ ಗಾಜಿನ ಬದಿಯ ದೊಡ್ಡ ಪೆಟ್ಟಿಗೆಯೊಂದಿದೆ. ಒಳಗೆ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು, ಅದರ ಸುತ್ತ ಗಣಪತಿ ಮಂಟಪದ ಹಾಗೆ ಬಣ್ಣಬಣ್ಣದ ದೀಪ. ಅದರಲ್ಲಿ ನಾನು ಹೆಚ್ಚಾಗಿ ಆಡುವುದು ಒಂದೇ ಬಣ್ಣದ ಮೂರು ಹಣ್ಣು ಜೋಡಿಸಿ ಒಡೆಯುವ ಆಟ. ಆದರೆ ಯಾರಾದರೂ ಸಲಹೆ ಕೇಳಿದರೆ, "ಬೇರೆ ಕಾರ್ಡ್ ಇಲ್ಲದೆ ಆಟ ಆಡೋದಾ? ಬಿಟ್ಟುಬಿಡಿ," ಎಂದು ಕಣ್ಣು ಮಿಟುಕಿಸದೆ ಹೇಳಿಬಿಡುತ್ತೇನೆ.

ಇಂಥ ನನ್ನ ಬಳಿಗೆ ಒಂದು ಸಂಜೆ ಕಾಕಾ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಪ್ರಣವಾ, ಬಸ್ ಹೊಡಿಯೂ ಆಟ ಐತಂತಲ್ಲ ಕಂಪ್ಯೂಟರಿನ್ಯಾಗ?"

"ಐತ್ರಿ ಕಾಕಾ."

"ನಮ್ಮ ಡಬ್ಬಿ ಅದನ್ನ ಎಳೀತೈತೇನು?"

ಡಬ್ಬಿ ಎಂದರೆ ಅವರ ಮಗಳು ರೇಣು ತನ್ನ ಕಚೇರಿಯಲ್ಲಿ ಹಳೆಯದಾಯಿತೆಂದು ತಂದುಕೊಟ್ಟ ಕಂಪ್ಯೂಟರು. ಊಟದ ಡಬ್ಬಿಯಷ್ಟೇ ದೊಡ್ಡದು. ನಾನು ನಕ್ಕೆ. ನಗುವುದು ನನ್ನ ವೃತ್ತಿಯ ಭಾಗ.

"ಅದರಾಗ ಗ್ರಾಫಿಕ್ಸ್ ಕಾರ್ಡ್ ಇಲ್ಲರಿ ಕಾಕಾ."

"ಇಲ್ಲ? ಮತ್ತ ಚಿತ್ರ ಹ್ಯಾಂಗ ಕಾಣತಾವ?"

ಇದು ಎಂಥ ನ್ಯಾಯವಾದ ಪ್ರಶ್ನೆ ಎಂದರೆ, ಇಷ್ಟು ದಿನ ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ಗಂಟಲು ಸರಿ ಮಾಡಿಕೊಂಡು ವಿವರಿಸಿದೆ. ನನ್ನಂಥ ಪೆಟ್ಟಿಗೆಯಲ್ಲಿ ಲೆಕ್ಕ ಮಾಡುವ ಚಿಪ್ಪು ಬೇರೆ, ಚಿತ್ರ ಬರೆಯುವ ಕಾರ್ಡು ಬೇರೆ. ಕಾರ್ಡಿಗೆ ತನ್ನದೇ ನೆನಪಿನ ಜಾಗವಿರುತ್ತದೆ, ತನ್ನದೇ ಫ್ಯಾನು ಇರುತ್ತದೆ. ನಿಮ್ಮ ಡಬ್ಬಿಯಲ್ಲಿ ಲೆಕ್ಕ ಮಾಡುವ ಚಿಪ್ಪಿನ ಒಂದು ಮೂಲೆಯೇ ಚಿತ್ರವನ್ನೂ ಬರೆಯುತ್ತದೆ. ಜಾಗವನ್ನು ಯಜಮಾನನ ಹತ್ತಿರ ಕಡ ತಂದು ಬಳಸುತ್ತದೆ.

ಕಾಕಾ ತಲೆಯಾಡಿಸಿದರು. "ಹಂಗಂದರ ಡ್ರೈವರ್ ಕಮ್ ಕಂಡಕ್ಟರ್ ಇದ್ದಂಗ. ಆಂವನ ಗಾಡಿ ಹೊಡೀಬೇಕು, ಆಂವನ ಟಿಕೀಟ ಹರೀಬೇಕು."

"ಹೌದ್ರಿ. ಅದಕ್ಕ ಆಗೂದಿಲ್ಲ ಅಂದೆ."

"ಯಾಕಾಗೂದಿಲ್ಲ? ಹಳ್ಳಿ ರೂಟಿನ್ಯಾಗ ಒಬ್ಬಾಂವನ ಎರಡೂ ಮಾಡತಾನ. ಸ್ವಾರಗೇಟಿನ ಗದ್ದಲದಾಗ ಸಂಜೀಮುಂದ ಆಗಲಿಕ್ಕಿಲ್ಲ, ಅದು ಬ್ಯಾರೆ. ನಿನ್ನ ಆಟ ಹಳ್ಳಿ ರೂಟೋ, ಸ್ವಾರಗೇಟೋ?"

ಉತ್ತರ ನನಗೆ ಗೊತ್ತಿರಲಿಲ್ಲ. ಆಡಿ ನೋಡಿದ್ದರೆ ತಾನೆ? ನನಗೂ ಕುತೂಹಲ ಹುಟ್ಟಿತು. "ಬೇಕಾದರ ನನ್ನ ಕೋಣಿಗೇ ಬಂದು ಆಡ್ರಿ," ಎಂದೆ. ಕಾಕಾ ನನ್ನ ದೀಪದ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ, "ಬ್ಯಾಡಪಾ. ಬ್ಯಾರೆ ಡಿಪೋದ ಗಾಡಿ ನಾ ಮುಟ್ಟೂದಿಲ್ಲ," ಎಂದರು.

ಆದರೆ ಕಂಡಕ್ಟರಿಗೆ ಈ ವಯಸ್ಸಿನಲ್ಲಿ ಸ್ಟೇರಿಂಗಿನ ಆಸೆ ಯಾಕೆ? ಅದನ್ನು ಅವರು ಆವತ್ತೇ, ನನ್ನ ಹಾಸಿಗೆಯ ಪಕ್ಕ ನಿಂತುಕೊಂಡೇ ಹೇಳಿದರು.

ಕಾಕಾನ ಜೊತೆ ಒಂದೇ ಬಸ್ಸಿನಲ್ಲಿ ಬಹಳ ಕಾಲ ದುಡಿದ ಡ್ರೈವರು ಶ್ಯಾಮ. ಅವರೂ ನನ್ನ ಹಾಗೆ ಧಾರವಾಡದ ಕಡೆಯವರೇ. ಇಬ್ಬರೂ ಬಸ್ಸಿನಲ್ಲಿ ದಿನವೂ ಜಗಳವಾಡುತ್ತಿದ್ದರು, ಮತ್ತು ಯಾವಾಗಲೂ ಕನ್ನಡದಲ್ಲೇ. ಹಿಂದಿನಿಂದ ಇವರು ಒಂದು ಬೈದರೆ ಮುಂದಿನಿಂದ ಅವರು ಎರಡು ಬೈಯುವರು. ಪ್ರಯಾಣಿಕರಿಗೆ ಅದು ಏನೋ ಡಿಪೋದ ವ್ಯವಹಾರದಂತೆ ಕೇಳುತ್ತಿತ್ತು. ನಿವೃತ್ತಿಗೆ ಸ್ವಲ್ಪ ಮೊದಲು, ಕ್ಯಾಂಪಿನ ಒಂದು ತಿರುವಿನಲ್ಲಿ ಸ್ಕೂಟರೊಂದು ಅಡ್ಡ ಬಂತು. ಶ್ಯಾಮ ಜೋರಾಗಿ ಬ್ರೇಕು ಒತ್ತಿದರು. ನಿಂತಿದ್ದ ಮುದುಕಿಯೊಬ್ಬಳು ಚೀಲದ ಸಮೇತ ಬಿದ್ದಳು. ಏಟು ಹೆಚ್ಚೇನಾಗಲಿಲ್ಲ, ಆದರೆ ಬಸ್ಸು ತುಂಬ ಗಲಾಟೆ. ಕಾಕಾ ಎಲ್ಲರ ನಡುವೆ ನಿಂತು ಡ್ರೈವರಿಗೆ ಕೈ ತೋರಿಸಿ, "ತುಝೀಚ ಚೂಕ ಆಹೆ," ತಪ್ಪು ನಿನ್ನದೇ ಎಂದುಬಿಟ್ಟರು. ಬ್ರೇಕನ್ನು ಮೊದಲೇ ಹಿಡಿಯಬೇಕಿತ್ತು ಎಂದರು.

ಶ್ಯಾಮ ಪಾಳಿ ಮುಗಿಸಿ, ಬೇರೆ ರೂಟು ಕೇಳಿ ಪಡೆದು ಹೋದರು. ಕಾಕಾನ ಬೀಳ್ಕೊಡುಗೆಗೂ ಬರಲಿಲ್ಲ. ಅಂದಿನಿಂದ ಮಾತಿಲ್ಲ.

"ನಾ ಒಂದ ದಿನಾನೂ ಮುಂದಿನ ಸೀಟಿನ್ಯಾಗ ಕುಂತಾಂವಲ್ಲ," ಎಂದರು ಕಾಕಾ. "ಮೊದಲ ಬ್ರೇಕ್ ಹಿಡಿಯೂದು ಆಗತಿತ್ತೋ ಇಲ್ಲೋ ನನಗೇನ ಗೊತ್ತು? ಕುಂತು ನೋಡಬೇಕಾಗೇತಿ. ಆಗೂದಿಲ್ಲ ಅಂದರ ಆಂವನ ಮನಿಗೆ ಹೋಗಿ ನಂದ ತಪ್ಪು ಅಂತೀನಿ. ಆಗತೈತಿ ಅಂದರ..."

ಹೀಗೆ, ಕಾರ್ಡಿಲ್ಲದ ಕಂಪ್ಯೂಟರು ಆಟಕ್ಕೆ ಸಾಕೇ ಎಂಬ ಪ್ರಶ್ನೆ, ಸಾಮಾನ್ಯವಾಗಿ ನನ್ನಂಥ ಸೋಮಾರಿಗಳು ಚಹಾದ ಅಂಗಡಿಯಲ್ಲಿ ಚರ್ಚಿಸುವಂಥದ್ದು, ಒಬ್ಬ ಮನುಷ್ಯನ ಸ್ನೇಹದ ಪ್ರಶ್ನೆಯಾಗಿ ನನ್ನ ತಲೆಗೆ ಬಂತು.

ಕ್ಯಾಂಪಿನ ಹಳೆ ಸಾಮಾನಿನ ಅಂಗಡಿಯಿಂದ ಸ್ಟೇರಿಂಗು, ಪೆಡಲು ತಂದೆವು. ಕೆಲವು ವರ್ಷ ಹಳೆಯದಾದ ಬಸ್ಸಿನ ಆಟವೊಂದನ್ನು ಆರಿಸಿ ಹಾಕಿದೆ. ಆಮೇಲೆ ಅದರ ಭಾರ ಇಳಿಸಲು ಕುಳಿತೆ. ನೆರಳು ಬೇಡ. ಮರದ ಎಲೆ ಕಡಿಮೆ. ದೂರದ ಕಟ್ಟಡ ಮಸುಕಾದರೂ ನಡೆದೀತು.

"ಕನ್ನಡಿನೂ ತೆಗೀತೀನ್ರಿ ಕಾಕಾ. ಒಂದೊಂದು ಕನ್ನಡಿ ಅಂದರ ಆ ಚಿತ್ರ ಇನ್ನೊಂದ ಸಲ ಬರದಂಗ."

"ಏ! ಕನ್ನಡಿ ಇಲ್ಲದ ಗಾಡಿ ಯಾವ ಡ್ರೈವರ್ ತಗೋತಾನ?"

"ಹೋಗ್ಲಿ, ಪ್ಯಾಸೆಂಜರ್ ಕಡಿಮಿ ಮಾಡತೀನಿ."

"ಮಂದಿ ಇಲ್ಲದ ಬಸ್ಸಿನ್ಯಾಗ ಬ್ರೇಕ್ ಹಾಕಿದರ ಬೀಳವರು ಯಾರು? ಅದನ್ನ ನೋಡಾಕ ಅಲ್ಲೇನು ನಾವು ಕುಂತದ್ದು?"

ಕನ್ನಡಿಯೂ ಮಂದಿಯೂ ಉಳಿದರು. ಮಿಕ್ಕ ಸೊಬಗೆಲ್ಲ ಹೋಯಿತು. ಪರದೆಯ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿವೆ ಎಂದು ತೋರಿಸುವ ಸಂಖ್ಯೆಯನ್ನು ಹಚ್ಚಿಟ್ಟೆ. ನಲವತ್ತರ ಹತ್ತಿರ ಆಡುತ್ತಿತ್ತು. ಮೂವತ್ತಿದ್ದರೂ ಸಾಕು, ಚಿತ್ರ ನೀರು ಹರಿದಂತೆ ಸರಾಗವಾಗಿ ಕಾಣುತ್ತದೆ. ನನ್ನ ಗತ್ತಿಗೆ ಸಣ್ಣ ಪೆಟ್ಟು ಬಿತ್ತು.

ಬಸ್ಸು ಯಾವುದೋ ಪರದೇಶದ ಊರಿನಲ್ಲಿ ನಿಲ್ದಾಣದಲ್ಲಿ ನಿಂತಿತ್ತು. ಜನ ಸಾಲಾಗಿ ಹತ್ತಿದರು. ಕಾಕಾ ಅದಕ್ಕೇ ಬೆರಗಾದರು. ಬಾಗಿಲು ಮುಚ್ಚಿತು. ಬಸ್ಸು ಹೊರಡಲಿಲ್ಲ.

"ಹೋಗ್ರಿ ಕಾಕಾ."

"ಹ್ಯಾಂಗ ಹೋಗಲಿ? ಬೆಲ್ ಎಲ್ಲೈತಿ?"

ಎರಡು ಸಲ ಗಂಟೆ ಬಾರಿಸದೆ ಗಾಡಿ ಕದಲಬಾರದು ಎಂಬುದು ಅವರ ರಕ್ತದಲ್ಲಿತ್ತು. ಇಷ್ಟು ವರ್ಷ ಬಾರಿಸಿದವರು ತಾವೇ ಆದ್ದರಿಂದ, ಬಾರಿಸುವವರಿಲ್ಲದೆ ಹೊರಡುವುದು ಹೇಗೆಂದು ಅವರ ಕಾಲಿಗೆ ತಿಳಿಯಲಿಲ್ಲ. ಆಟದೊಳಗಿನ ಜನ ಗೊಣಗತೊಡಗಿದರು. ಕೊನೆಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಕಾಕೂ ತಾಳ್ಮೆಗೆಟ್ಟು, ಸ್ಟೀಲ್ ಮುಚ್ಚಳಕ್ಕೆ ಚಮಚದಿಂದ ಟಿಣ್ ಟಿಣ್ ಎಂದು ಹೊಡೆದರು. ಬಸ್ಸು ಹೊರಟಿತು. ಅಂದಿನಿಂದ ಪ್ರತಿ ನಿಲ್ದಾಣಕ್ಕೂ ಕಾಕೂನ ಹಿಟ್ಟಿನ ಕೈ ಮುಚ್ಚಳಕ್ಕೆ ಹೋಗುವುದೇ ಪದ್ಧತಿಯಾಯಿತು.

ಮೊದಲ ಒಂದೆರಡು ನಿಲ್ದಾಣ ಬಸ್ಸು ಚೆಂದ ಓಡುತ್ತಿತ್ತು. ಆಮೇಲೆ ಮೂಲೆಯ ಸಂಖ್ಯೆ ಇಳಿಯುವುದು: ಮೂವತ್ತು, ಇಪ್ಪತ್ತು, ಕೊನೆಗೆ ಹತ್ತರ ಆಸುಪಾಸು. ಬಸ್ಸು ಕುಂಟುವುದು. ಮುಂದೆ ಸ್ಕೂಟರು ಅಡ್ಡ ಬಂದದ್ದು ಕಾಕಾಗೆ ಕಾಣುವಷ್ಟರಲ್ಲಿ ಅದು ಬಂಪರಿಗೆ ಬಂದಿರುತ್ತಿತ್ತು. ಒತ್ತಿದ ಬ್ರೇಕು ತಡವಾಗಿ ಹಿಡಿಯುತ್ತಿತ್ತು. ಹಿಡಿದಾಗ ಒಮ್ಮೆಲೇ ಹಿಡಿಯುತ್ತಿತ್ತು. ಒಳಗಿನ ಜನ ತಮ್ಮ ಭಾಷೆಯಲ್ಲಿ ಶಾಪ ಹಾಕುತ್ತಿದ್ದರು. ದಿನವೂ ಇದೇ ಕತೆ.

ನಾನು ಒಳಗೊಳಗೇ ಖುಷಿಪಟ್ಟೆ ಎಂದು ಹೇಳಲು ನಾಚಿಕೆಯಾಗಬೇಕು, ಅಷ್ಟಾಗಿ ಆಗುತ್ತಿಲ್ಲ. "ನಾ ಮೊದಲ ಹೇಳಿದ್ದೆ ಕಾಕಾ. ಕಾರ್ಡ್ ಇಲ್ಲಂದರ ಇಷ್ಟ."

ಕಾಕಾ ಮಾತ್ರ ನನ್ನ ಕಾರ್ಡಿನ ಬಗ್ಗೆ ಯೋಚಿಸುತ್ತಿರಲಿಲ್ಲ. "ಆಗೂದಿಲ್ಲ ನೋಡು," ಎಂದರು. "ಎಷ್ಟ ಎಚ್ಚರ ಇದ್ದರೂ ಮೊದಲ ಹಿಡಿಯಾಕ ಆಗೂದಿಲ್ಲ. ಶ್ಯಾಮ್ಯಾಂದ ತಪ್ಪಿರಲಿಲ್ಲ."

ನಾನು ಆಗಲೇ ಬಾಯಿ ತೆರೆದು, ಇದು ಯಂತ್ರದ ಕುಂಟು, ಬಸ್ಸಿನದ್ದಲ್ಲ ಎನ್ನಬೇಕಿತ್ತು. ಆದರೆ ಅವರ ಮುಖ ಎಷ್ಟು ಹಗುರಾಗಿತ್ತೆಂದರೆ, ಸರಿ, ಒಳ್ಳೆಯದೇ ಆಗುತ್ತಿದೆಯಲ್ಲ ಎಂದು ರೊಟ್ಟಿ ಮುರಿದುಕೊಂಡೆ. ಅವರು ಅಲ್ಲೇ ಫೋನು ತೆಗೆದು ಶ್ಯಾಮನಿಗೆ ಹಚ್ಚಿದರು. "ಹಲೋ, ನಾನು ಲಿಂಗ್ಯಾ... ಅವತ್ತಿಂದು ನಂದ ತಪ್ಪಪಾ. ಕುಂತು ನೋಡೀನಿ. ಮೊದಲ ಹಿಡಿಯಾಕ ಆಗೂದಿಲ್ಲ." ಆ ಕಡೆಯಿಂದ, "ಎಲ್ಲಿ ಕೂತು ನೋಡಿದಿ?" ಎಂಬ ದನಿ ನನಗೂ ಕೇಳಿಸಿತು. ಕಾಕಾ ಕಂಪ್ಯೂಟರಿನ ವಿಷಯ ಹೇಳಿದರು. ಅದಕ್ಕೆ ಶ್ಯಾಮನ ಉತ್ತರ: "ಐತವಾರ ಬರತೇನಿ. ನಾನೂ ನೋಡತೇನಿ."

ಶನಿವಾರ ನನಗೆ ರಜೆ. ಕಾಕಾನ ಕರೆ ಬಂತು. ಬಂದು ನೋಡು, ಗಾಡಿ ಬೇರೆ ನಮೂನೆ ಓಡುತ್ತಿದೆ ಎಂದರು.

ಕೆಳಗೆ ಹೋದೆ. ಬಸ್ಸು ಐದಾರು ನಿಲ್ದಾಣ ದಾಟಿತ್ತು, ಸಂಖ್ಯೆ ನಲವತ್ತರಿಂದ ಇಳಿದಿರಲಿಲ್ಲ. ಸ್ಕೂಟರು ಅಡ್ಡ ಬಂತು. ಕಾಕಾ ಅದು ದೂರವಿದ್ದಾಗಲೇ ಕಂಡು ಮೆಲ್ಲಗೆ ಬ್ರೇಕು ಒತ್ತಿದರು. ಬಸ್ಸು ಹಗ್ಗ ಹಿಡಿದ ಎತ್ತಿನಂತೆ ನಿಂತಿತು. ಯಾರೂ ಬೀಳಲಿಲ್ಲ, ಯಾರೂ ಬೈಯಲಿಲ್ಲ. ನಾನು ಮೇಜಿನತ್ತ ನೋಡಿದೆ. ಅಲ್ಲಿ ಬೂದು ಬಣ್ಣದ ಸಣ್ಣ ಡಬ್ಬಿಯೊಂದು ಬೆತ್ತಲೆ ಕೂತಿತ್ತು. ನೆತ್ತಿಯ ಮೇಲೆಲ್ಲ ಗಾಳಿಯಾಡಲು ತೂತು.

"ಕಾಕೂ, ಇದು ಯಾವುದ್ರಿ?"

"ಅದ ಅಲ್ಲೇನೋ ತಮ್ಮಾ, ಕಂಪ್ಯೂಟರು. ನಾಳೆ ಮಂದಿ ಬರತಾರಂತ ಅದರ ಕವರ್ ಒಗದು ಹಾಕೀನಿ."

ಹಗ್ಗದ ಮೇಲೆ ಅದು ಒಣಗುತ್ತಿತ್ತು. ಕೆಂಪು ಇಳಕಲ್ ಬಟ್ಟೆಯ ದಪ್ಪ ಚೀಲ. ಮೈತುಂಬ ಕಾಕೂ ಕೈಯಿಂದ ತೆಗೆದ ಕಸೂತಿ, ನವಿಲು, ಗೋಪುರ. ಒಳಗೆ ಅಸ್ತರು ಬೇರೆ. ಇಷ್ಟು ದಿನ ನಾನು ಆ ನವಿಲುಗಳ ಎದುರು ಕೂತು ನೆರಳು, ಎಲೆ ಎಂದು ಕಳೆಯುತ್ತಿದ್ದೆ. ಡಬ್ಬಿ ಒಳಗೆ ಬೆವತು, ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತಿತ್ತು. ಕಾವೇರಿದಾಗ ಚಿಪ್ಪು ವೇಗ ಇಳಿಸಿಕೊಳ್ಳುತ್ತದೆ, ಗಾಳಿಗೆ ಅಡ್ಡ ಏನಿದೆ ನೋಡಿ ಎಂದು ಫೋನಿನಲ್ಲಿ ದಿನಕ್ಕೆ ಹಲವರಿಗೆ ಹೇಳುವವನು ನಾನೇ.

ನನಗೆ ಅದು ಯಾಕೆ ಕಾಣಲಿಲ್ಲ? ಕಾಣುವುದು ಹೇಗೆ? ನಮ್ಮ ಧಾರವಾಡದ ಮನೆಯಲ್ಲಿ ಟೀವಿಗೆ ಕವರು, ಮಿಕ್ಸರಿಗೆ ಕವರು, ಫ್ರಿಜ್ಜಿನ ಹಿಡಿಕೆಗೂ ಅಂಗಿ. ಹೊಲಿಗೆ ಯಂತ್ರಕ್ಕಂತೂ ಅವ್ವ ಹಬ್ಬಕ್ಕೊಂದು ಹೊಸದು ಹಾಕುತ್ತಾಳೆ. ಬಟ್ಟೆಯಿಲ್ಲದ ಯಂತ್ರ ಕಂಡರೆ ನನಗೆ ಏನೋ ಕೊರತೆ ಕಂಡೀತು. ಬಟ್ಟೆ ತೊಟ್ಟದ್ದು ಕಂಡರೆ ಮನೆ ಎನಿಸುತ್ತದೆ, ಅಷ್ಟೇ.

ಖಾತ್ರಿಗೆಂದು ಅದರ ಮೇಲೆ ಟವೆಲ್ ಮುಚ್ಚಿ ನೋಡಿದೆ. ಸ್ವಲ್ಪ ಹೊತ್ತಿಗೆ ಸಂಖ್ಯೆ ಇಳಿಯಿತು. ತೆಗೆದೆ, ಏರಿತು. ಕಾಕಾ ತಾವೂ ಒಮ್ಮೆ ಮುಚ್ಚಿ, ತೆಗೆದು ನೋಡಿದರು. ಮತ್ತೊಮ್ಮೆ ನೋಡಿದರು. ನಾನು ಉತ್ಸಾಹದಲ್ಲಿ, "ಕಾರ್ಡ್ ಬೇಕಾಗೇ ಇಲ್ಲರಿ! ಡಬ್ಬಿ ಸಾಕು! ಹಳ್ಳಿ ರೂಟಿಗೆ ಒಬ್ಬನ ಸಾಕು!" ಎಂದೆ. ಕಾಕಾ ಸ್ಟೇರಿಂಗಿನಿಂದ ಕೈ ತೆಗೆದು ಸುಮ್ಮನೆ ಕೂತಿದ್ದರು. ಆಡದೆ ಅವರು ಕೂತದ್ದನ್ನು ನಾನು ಅಷ್ಟೊಂದು ಹೊತ್ತು ಎಂದೂ ನೋಡಿರಲಿಲ್ಲ.

"ಅಂದರ ಮೊದಲ ಹಿಡೀಬಹುದಿತ್ತು," ಎಂದರು.

ನನಗೆ ಆಗ ಹೊಳೆಯಿತು.

"ನಂದ ತಪ್ಪು ಅಂತ ಆಂವಗ ಹೇಳಿಬಿಟ್ಟೀನಿ. ನಾಳೆ ಬರತಾನ. ಈಗ ಇದು ಹಿಂಗ ಓಡಿದರ, ತಪ್ಪು ನಿಂದ ಅಂತ ಮನಿಗೆ ಕರದು ತೋರಿಸಿದಂಗಾತು." ನನ್ನತ್ತ ತಿರುಗಿ ಕೇಳಿದರು, "ಯಾವುದು ಖರೇ, ಪ್ರಣವಾ? ಕವರ್ ಹಾಕಿದ್ದೋ, ತಗದದ್ದೋ?"

"ತಗದದ್ದು ಖರೇರಿ," ಎಂದೆ, ಟೆಕ್ನಿಶಿಯನ್ ಧಾಟಿಯಲ್ಲಿ.

"ನಮ್ಮ ಬಸ್ಸಿಗೆ ಅವತ್ತ ಕವರ್ ಇತ್ತೋ ಇಲ್ಲೋ, ಯಾರಿಗ್ಗೊತ್ತು," ಎಂದರು ಕಾಕಾ.

ಐತವಾರ ಮುಂಜಾನೆ ನಾನು ಹೋಗುವಷ್ಟರಲ್ಲಿ ಕಾಕೂ ಕವರನ್ನು ಇಸ್ತ್ರಿ ಮಾಡಿ ಡಬ್ಬಿಗೆ ತೊಡಿಸಿಯಾಗಿತ್ತು. ಮಂದಿ ಬರುವಾಗ ಯಂತ್ರ ಬೆತ್ತಲೆ ಇರುವುದೇ? ಕಾಕಾ ನನ್ನನ್ನು ನೋಡಿದರು. ನಾನು ನವಿಲನ್ನು ನೋಡಿದೆ. ಇಬ್ಬರೂ ಕೈ ಹಚ್ಚಲಿಲ್ಲ.

ಶ್ಯಾಮ ಕಾಕಾ ಬಂದರು. ಸಣಕಲು ಆಳು, ಇಸ್ತ್ರಿ ಅಂಗಿ, ಕೈಯಲ್ಲಿ ಕುರುಕಲು ಭಾಕರವಡಿಯ ಪೊಟ್ಟಣ. "ಆರಾಮ?" ಎಂದರು. "ಆರಾಮ," ಎಂದರು ಇವರು. ಅಷ್ಟೇ. ಕಾಕೂ ಇಲ್ಲದಿದ್ದರೆ ಆ ಇಬ್ಬರೂ ಸಂಜೆಯ ತನಕ ಭಾಕರವಡಿ ನೋಡುತ್ತ ಇರುತ್ತಿದ್ದರೇನೋ. "ಏನ್ರೀ ಶ್ಯಾಮರಾವ್, ಮೂರ ವರ್ಷ ಸಿಟ್ಟು ಹಿಡದದ್ದು ಸಾಕು. ಕುಂಡ್ರರಿ, ಬಸ್ ಹೊಡೀರಿ. ನಂಗ ಬೆಲ್ ಹೊಡದು ಹೊಡದು ರೊಟ್ಟಿ ಸೀದು ಹೊಂಟಾವ," ಎಂದರು.

ಶ್ಯಾಮ ಕುರ್ಚಿ ಸರಿಸಿಕೊಂಡು, ಕನ್ನಡಿ ನೋಡಿ, ಅಂಗಿಯ ತೋಳು ಮಡಿಸಿದರು. ಬಸ್ಸು ಬಾಗಿಲು ಮುಚ್ಚಿತು. ಅವರೂ ಹೊರಡಲಿಲ್ಲ. ಅಡುಗೆಮನೆಯಿಂದ ಟಿಣ್ ಟಿಣ್ ಬಂದಾಗ, ತಿರುಗಿಯೂ ನೋಡದೆ ಗೇರು ಹಾಕಿದರು. ಮೊದಲ ನಿಲ್ದಾಣ, ಎರಡನೆಯದು. ಆಮೇಲೆ ಸಂಖ್ಯೆ ಇಳಿಯತೊಡಗಿತು. ಬಸ್ಸು ಕುಂಟಿತು. ಸ್ಕೂಟರು ಬಂತು, ಬ್ರೇಕು ತಡವಾಯಿತು, ಒಳಗಿನವರು ಕೂಗಿಕೊಂಡರು.

"ಏನೋ ಇದು? ಬ್ರೇಕಿಗೆ ತಾಳ ಇಲ್ಲ, ಮ್ಯಾಳ ಇಲ್ಲ. ಇಂಥಾ ಗಾಡಿ ಯಾರು ಹೊರಗ ಬಿಟ್ಟರು? ಡಿಪೋಕ್ಕ ಕಳಸು ಇದನ್ನ," ಎಂದರು ಶ್ಯಾಮ.

ಕಾಕಾ ಮುಂದೆ ಬಾಗಿ, ಎರಡೂ ಕೈಯಿಂದ ಕಸೂತಿ ಕವರನ್ನು ಮೇಲಕ್ಕೆ ಎಳೆದು ತೆಗೆದರು. ಕಾಕೂ, "ಏ ಏ!" ಎಂದರು.

"ಗಾಡಿ ಬರೋಬ್ಬರಿ ಐತಿ, ಶ್ಯಾಮ್ಯಾ. ಇದನ್ನ ಹಾಕಿದ್ದಕ್ಕ ಹಂಗ ಆಗತೈತಿ. ನಿನಗ ಫೋನ್ ಮಾಡಿದಾಗ ನನಗ ತಿಳದಿರಲಿಲ್ಲ. ನಿನ್ನೆ ಇದನ್ನ ತಗದು ಹೊಡದೆ. ಮೊದಲ ಹಿಡಿಯಾಕ ಬರತೈತಿ." ಕವರನ್ನು ಕೈಯಲ್ಲೇ ಮಡಿಸಿದರು. "ಹೇಳದಿದ್ದರ ಸುಳ್ಳ ಆಗತೈತಿ. ಹೇಳೀನಿ."

ಶ್ಯಾಮ ಕಾಕಾ ಸ್ಟೇರಿಂಗು ಹಿಡಿದೇ ಇದ್ದರು.

"ಲೇ ಲಿಂಗ್ಯಾ, ಮೂರ ವರ್ಷ ನೀ ಬ್ರೇಕಿನ ಲೆಕ್ಕಾ ಹಾಕಿದ್ಯಾ?"

"ಮತ್ತ?"

"ಮೊದಲ ಹಿಡೀಬಹುದಿತ್ತು. ನನಗೇನು ಗೊತ್ತಿಲ್ಲೇನು? ಅವತ್ತ ನನ್ನ ಲಕ್ಷ್ಯ ಇರಲಿಲ್ಲ. ಸ್ಟೇರಿಂಗ್ ಹಿಡಿದಾಂವ ನಾನು, ನನಗ ಕಂಪ್ಯೂಟರ್ ಬೇಕ?" ಅವರು ಈಗ ತಿರುಗಿದರು. "ನೀ ಬೈದದ್ದಕ್ಕಲ್ಲೋ. ದಿನಾ ಬೈತಿದ್ದಿ. ನಾನೂ ನಿಮ್ಮಪ್ಪನ ಮ್ಯಾಲ ಬೈತಿದ್ದೆ. ಅವತ್ತ ಮರಾಠಿಯಾಗ ಬೈದಿ. ಇಡೀ ಬಸ್ಸಿಗೆ ತಿಳೀಲಿ ಅಂತ ಬೈದಿ. ನಮ್ಮಿಬ್ಬರ ಜಗಳಾ ತಗದು ಮಂದಿ ಕೈಯಾಗ ಕೊಟ್ಟಿ."

ಕಾಕಾ ಕವರು ಹಿಡಿದುಕೊಂಡು ನಿಂತರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದು ದುಃಖ. ಕಂಡದ್ದು ಶುದ್ಧ ಆಶ್ಚರ್ಯ. ಇಷ್ಟು ದಿನ ಅವರು ನೋಡುತ್ತಿದ್ದ ಕನ್ನಡಿಯೇ ಬೇರೆ ಕಡೆ ತಿರುಗಿತ್ತು. ನನಗೋ, ನೆರಳು, ಎಲೆ, ಸಂಖ್ಯೆ, ಟವೆಲ್, ಎಲ್ಲ ನೆನಪಾಗಿ ಭಾಕರವಡಿಯತ್ತ ಕೈ ಹೋಯಿತು.

"ಮರಾಠಿಯಾಗ ಬೈದೆ?" ಎಂದರು ಕಾಕಾ.

"ಬೈದಿ."

"ಗಡಿಬಿಡಿಯಾಗ ತಿಳೀಲಿಲ್ಲೋ."

"ಹೂಂ. ಇಲ್ಲೆ ಹಿಂದ ನಿಂದ್ರು. ಹೊರಡಬೇಕು."

ಕಾಕಾ ಕವರನ್ನು ನನ್ನ ತೊಡೆಯ ಮೇಲೆ ಹಾಕಿ, ಕುರ್ಚಿಯ ಹಿಂದೆ ಹೋಗಿ ಕಾಲು ಅಗಲಿಸಿ ನಿಂತರು. ಅಡುಗೆಮನೆಯಿಂದ ಗಂಟೆ ಬಂತು, ಬಸ್ಸು ಹೊರಟಿತು. ಡಬ್ಬಿ ತಣ್ಣಗೆ ಉಸಿರಾಡುತ್ತಿತ್ತು. ಸಂಖ್ಯೆ ಮತ್ತೆ ಮೇಲಕ್ಕೆ ಬಂದಿತ್ತು. ಮರಗಳಿಗೆ ನೆರಳಿರಲಿಲ್ಲ, ಅದು ಯಾರಿಗೂ ಬೇಕಾಗಿರಲಿಲ್ಲ. ಒಂದು ತಿರುವಿನಲ್ಲಿ ಸ್ಕೂಟರು ನುಗ್ಗಿತು. ಶ್ಯಾಮ ಬ್ರೇಕು ಒತ್ತಿದರು, ಕಾಕಾ ಅಲುಗದ ನೆಲದ ಮೇಲೆ ನಿಂತೇ ಮುಂದಕ್ಕೆ ವಾಲಿ ಕುರ್ಚಿ ಹಿಡಿದರು.

"ಲೇ ಶ್ಯಾಮ್ಯಾ! ಕಣ್ಣು ಮನಿಯಾಗ ಬಿಟ್ಟ ಬಂದೀಯೇನಲೇ, ಹಿಂದ ಮಂದಿ ನಿಂತಾರ!"

ಶ್ಯಾಮ ಕಾಕಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿಯ ಹಿಂದೆ ನಗು ಎದ್ದದ್ದು ಮಾತ್ರ ನನಗೆ ಕಂಡಿತು. "ನಿಮ್ಮಪ್ಪ ಮುಂದ ಕೂತು ಹೊಡೀಲಿ ಬಾ," ಎಂದರು, ಮತ್ತು ಬಸ್ಸನ್ನು ನಿಲ್ದಾಣಕ್ಕೆ ತಂದು ಒರಗಿಸಿದರು. ಜನ ಇಳಿದರು, ಜನ ಹತ್ತಿದರು. ಬಾಗಿಲು ಮುಚ್ಚಿತು.

ಕಾಕೂ ಮುಚ್ಚಳಕ್ಕೆ ಕೈ ಹಾಕಿದ್ದರು. ಕಾಕಾ ಅಡುಗೆಮನೆಗೆ ಹೋಗಿ, "ಕೊಡ ಇಲ್ಲೆ, ಅದು ನನ್ನ ಕೆಲಸ," ಎಂದು ಅದನ್ನು ಇಸಿದುಕೊಂಡು ಬಂದು, ತಮ್ಮ ಜಾಗದಲ್ಲಿ ನಿಂತು ಎರಡು ಸಲ ಬಾರಿಸಿದರು.